ಯಾಕೋಬನ ಪತ್ರಿಕೆ ಮತ್ತು ಯಾಜಕಕಾಂಡ 19: ಜೊತೆಗಿಟ್ಟು ಓದಲು ಒಂದು ಟಿಪ್ಪಣಿ

ಬೈಬಲ್ ಓದಿದ್ದನ್ನು ದಿನನಿತ್ಯದ ಬದುಕಿಗೆ ಹೇಗೆ ತರುವುದು ಅಂತ ಕೇಳಿದರೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಎಲ್ಲರನ್ನೂ ಪ್ರೀತಿಸಬೇಕು. ಉತ್ತರ ಸರಿಯೇ. ಆದರೆ ಯಾರನ್ನು, ಯಾವ ವಿಷಯದಲ್ಲಿ, ಇವತ್ತು ಏನು ಮಾಡಿ ಅಂತ ಮುಂದಕ್ಕೆ ಕೇಳಿದರೆ ಮಾತು ಅಲ್ಲೇ ನಿಂತುಬಿಡುತ್ತದೆ. ಯಾಕೋಬನ ಪತ್ರಿಕೆಯನ್ನು, ಅಂದರೆ ಅವನು ಬರೆದ ಪತ್ರವನ್ನು, ಕೈಗೆತ್ತಿಕೊಂಡಿರುವುದು ಅದಕ್ಕೇ. ಹೊಸ ಒಡಂಬಡಿಕೆಯಲ್ಲಿ ಇಷ್ಟು ಸಣ್ಣ ಸಣ್ಣ ವಿಷಯಗಳ ತನಕ ಇಳಿದು ಮಾತಾಡುವ ಪತ್ರಿಕೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪತ್ರಿಕೆ ಚಿಕ್ಕದು. 5 ಅಧ್ಯಾಯ, 108 ವಚನ. ಒಂದೇ ಸಲ ಕೂತು ಓದಿ ಮುಗಿಸಬಹುದು. ಅಷ್ಟರೊಳಗೆ ‘ಹೀಗೆ ಮಾಡಿರಿ’, ‘ಹಾಗೆ ಮಾಡಬೇಡಿರಿ’ ಅನ್ನುವ ಅಪ್ಪಣೆಗಳು ಐವತ್ತರಷ್ಟು ಬರುತ್ತವೆ. ಯೇಸುವಿನ ಹೆಸರು ಕಾಣುವುದು ಎರಡೇ ಕಡೆ, 1:1ರಲ್ಲಿ (1ನೇ ಅಧ್ಯಾಯದ 1ನೇ ವಚನ) ಮತ್ತು 2:1ರಲ್ಲಿ. ಆದರೆ ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆ ಪತ್ರಿಕೆಯ ಉದ್ದಕ್ಕೂ ಕೇಳಿಸುತ್ತದೆ. ಆಣೆ ಇಡಬೇಡಿರಿ, ಹೌದಾದರೆ ಹೌದೆನ್ನಿರಿ, ಅಲ್ಲವಾದರೆ ಅಲ್ಲವೆನ್ನಿರಿ ಎಂಬ 5:12, ಮತ್ತಾಯ 5:34-37ರ ಮಾತೇ. ನುಸಿ ತಿಂದ ಬಟ್ಟೆ, ತುಕ್ಕು ಹಿಡಿದ ಚಿನ್ನ ಬೆಳ್ಳಿ (5:2-3) ಮತ್ತಾಯ 6:19ನ್ನು ನೆನಪಿಸುತ್ತವೆ. ವಾಕ್ಯವನ್ನು ಕೇಳಿದರೆ ಸಾಲದು, ಅದರಂತೆ ನಡೆಯಬೇಕು (1:22) ಅನ್ನುವಾಗ ಬಂಡೆಯ ಮೇಲೆ ಮನೆ ಕಟ್ಟಿದವನ ಬಗ್ಗೆ ಯೇಸು ಹೇಳಿದ ಸಾಮ್ಯ (ದೃಷ್ಟಾಂತ ಕಥೆ) ಕಣ್ಣ ಮುಂದೆ ಬರುತ್ತದೆ.

ಬರೆದವನು ಯಾರು? ಕ್ರೈಸ್ತ ಸಭೆಯ ಹಳೆಯ ಸಂಪ್ರದಾಯ ಹೇಳುವುದು ‘ಕರ್ತನ ಸಹೋದರ’, ಅಂದರೆ ಯೇಸುವಿನ ಸಹೋದರ, ಯಾಕೋಬ ಅಂತ (ಗಲಾತ್ಯ 1:19). ಯೇಸುವಿನ ಶಿಷ್ಯನಾಗಿದ್ದ ಜೆಬೆದಾಯನ ಮಗ ಯಾಕೋಬನ ಜೊತೆ ಇವನನ್ನು ಬೆರೆಸಬೇಡಿ. ಆ ಯಾಕೋಬನನ್ನು ಹೆರೋದನು ಕತ್ತಿಯಿಂದ ಕೊಲ್ಲಿಸಿದ್ದು ಅಪೊಸ್ತಲರ ಕೃತ್ಯಗಳು 12:2ರಲ್ಲಿದೆ. ಯೇಸುವಿನ ಸಹೋದರರು ಮೊದಲು ಅವನನ್ನು ನಂಬಿರಲಿಲ್ಲ (ಯೋಹಾನ 7:5). ಪುನರುತ್ಥಾನದ ನಂತರ ಕ್ರಿಸ್ತನು ಯಾಕೋಬನಿಗೆ ಕಾಣಿಸಿಕೊಂಡನೆಂದು, ಹೊಸ ಒಡಂಬಡಿಕೆಯ ಹಲವು ಪತ್ರಿಕೆಗಳ ಕರ್ತೃವಾದ ಪೌಲ ಬರೆಯುತ್ತಾನೆ (1 ಕೊರಿಂಥ 15:7). ಆಮೇಲೆ ಇದೇ ಯಾಕೋಬ ಯೆರೂಸಲೇಮಿನ ಸಭೆಯ ಮುಂದಾಳುಗಳಲ್ಲಿ ಒಬ್ಬನಾದ. ಕ್ರಿ.ಶ. 62ರ ಸುಮಾರಿಗೆ ಅವನನ್ನು ಕಲ್ಲೆಸೆದು ಕೊಂದ ವಿಷಯವನ್ನು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ.

ಏಳು ವಚನಗಳ ಬೀಗದ ಕೈ

2:8ರಲ್ಲಿ ಯಾಕೋಬ ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು’ ಎಂಬ ಮಾತನ್ನು ಎತ್ತಿಕೊಂಡು ಅದನ್ನು ರಾಜಾಜ್ಞೆ ಅನ್ನುತ್ತಾನೆ. ಈ ಮಾತು ಹಳೆಯ ಒಡಂಬಡಿಕೆಯ ನಿಯಮಗಳ ಪುಸ್ತಕವಾದ ಯಾಜಕಕಾಂಡದ 19:18ರದ್ದು. ನಾವು ಸಾಮಾನ್ಯವಾಗಿ ಆ ಒಂದೇ ವಚನವನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಸ್ವಲ್ಪ ಹಿಂದಕ್ಕೆ ಹೋಗಿ, 12ನೇ ವಚನದಿಂದ 18ರ ತನಕ ನಿಧಾನವಾಗಿ ಓದಿ. ಪಕ್ಕದಲ್ಲಿ ಯಾಕೋಬನ ಪತ್ರಿಕೆ ತೆರೆದಿರಲಿ.

12ರಲ್ಲಿ ಸುಳ್ಳಾಣೆ ಬೇಡ ಎಂದಿದೆ, ಅದು ಯಾಕೋಬ 5:12ರಲ್ಲಿದೆ. 13ರಲ್ಲಿ ಕೂಲಿಯವನ ಕೂಲಿಯನ್ನು ಮರುದಿನದ ತನಕ ಇಟ್ಟುಕೊಳ್ಳಬೇಡ ಎಂದಿದೆ, ಅದು 5:4ರಲ್ಲಿ. ಮುಖದಾಕ್ಷಿಣ್ಯ (ಪಕ್ಷಪಾತ) ಬೇಡ ಎಂಬ 15ನೇ ವಚನ 2:1-9ರಲ್ಲಿ. ಚಾಡಿ ಹೇಳುತ್ತಾ ತಿರುಗಬೇಡ ಎಂಬ 16ನೇ ವಚನ 4:11ರಲ್ಲಿ. ಸಹೋದರ ತಪ್ಪಿದರೆ ಒಳಗೊಳಗೇ ಹಗೆ ಸಾಧಿಸದೆ ಎದುರಿಗೆ ಹೇಳು ಎಂಬ 17, ಪತ್ರಿಕೆಯ ಕೊನೆಯ ಎರಡು ವಚನಗಳಲ್ಲಿ. ಮತ್ಸರ ಇಟ್ಟುಕೊಳ್ಳಬೇಡ ಎಂಬ 18ರ ಮೊದಲ ಭಾಗ, ಒಬ್ಬರ ಮೇಲೊಬ್ಬರು ಗೊಣಗಬೇಡಿರಿ ಎಂಬ 5:9ರಲ್ಲಿ.

ಬಿಟ್ಟುಹೋಗಿರುವುದು 14ನೇ ವಚನ ಒಂದೇ. ಇದು ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ. ಬೈಬಲ್ ಪಂಡಿತರೂ ಇದನ್ನು ಗಮನಿಸಿದ್ದಾರೆ. ನೆರೆಯವನನ್ನು ಪ್ರೀತಿಸು ಅನ್ನುವ ಮಾತಿನ ಅರ್ಥವನ್ನು ಯಾಕೋಬ ತನ್ನ ತಲೆಯಿಂದ ಹೊಸದಾಗಿ ಕಟ್ಟಲಿಲ್ಲ. ಆ ಮಾತಿನ ಸುತ್ತಮುತ್ತ ಇರುವ ವಚನಗಳಲ್ಲೇ ಹುಡುಕಿದ. ಅಲ್ಲಿ ಪ್ರೀತಿ ಅಂದರೆ ಮನಸ್ಸಿನ ಭಾವನೆ ಅಷ್ಟೇ ಅಲ್ಲ. ಕೂಲಿ, ಆಸನ, ಮಾತು, ಆಣೆ, ಮುನಿಸು. ಎಲ್ಲವೂ ಕೈಗೆ ಸಿಗುವ ವಿಷಯಗಳು.

ಕೂಲಿ

ಮೊದಲು ಇದನ್ನು ತೆಗೆದುಕೊಳ್ಳುತ್ತೇನೆ. ಸಭೆಯಲ್ಲಿ ನಾಲಿಗೆಯ ಬಗ್ಗೆ ಪ್ರಸಂಗ ಕೇಳಿರುತ್ತೇವೆ, ಕೂಲಿಯ ಬಗ್ಗೆ ಕೇಳುವುದು ಅಪರೂಪ. ಯಾಕೋಬನಾದರೋ ಇಡೀ ಪತ್ರಿಕೆಯಲ್ಲಿ ಅತಿ ಖಾರವಾಗಿ ಮಾತಾಡುವ ಜಾಗಗಳಲ್ಲಿ ಇದೂ ಒಂದು. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತಿದೆ, ಕೊಯ್ದವರ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ ಅನ್ನುತ್ತಾನೆ.

ಹಳೆಯ ಒಡಂಬಡಿಕೆಯ ಇನ್ನೊಂದು ಪುಸ್ತಕವಾದ ಧರ್ಮೋಪದೇಶಕಾಂಡದ 24:15 ಕಾರಣವನ್ನೂ ಹೇಳುತ್ತದೆ. ಅವನು ಬಡವನು, ಆ ಕೂಲಿಯ ಮೇಲೇ ಆಸೆ ಇಟ್ಟುಕೊಂಡಿದ್ದಾನೆ, ಹೊತ್ತು ಮುಳುಗುವುದರೊಳಗೆ ಕೊಡು. ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯದಲ್ಲೂ (ಮತ್ತಾಯ 20) ಯಜಮಾನ ಸಂಜೆಯಾಗುತ್ತಲೇ ಪಾರುಪತ್ಯಗಾರನನ್ನು ಕರೆದು ಕೂಲಿ ಕೊಡಿಸುತ್ತಾನೆ. ಆ ಸಾಮ್ಯದಲ್ಲಿ ಯಜಮಾನನ ಉದಾರತೆಯ ಬಗ್ಗೆಯೇ ಜಾಸ್ತಿ ಮಾತಾಡುತ್ತೇವೆ, ಅವನು ಹೊತ್ತಿಗೆ ಸರಿಯಾಗಿ ಕೊಟ್ಟದ್ದನ್ನೂ ನೋಡಬೇಕು.

ಈಗ ಇದನ್ನು ಹತ್ತಿರದಿಂದ ನೋಡೋಣ. ಗೋಡೆಗೆ ಬಣ್ಣ ಬಳಿಯಲು ಬಂದವರು ಸಂಜೆ ಕೆಲಸ ಮುಗಿಸಿದ್ದಾರೆ. ಬ್ರಷ್ ತೊಳೆದಿದ್ದಾರೆ, ನೆಲಕ್ಕೆ ಹಾಸಿದ್ದ ಹಳೇ ಬಟ್ಟೆ ಮಡಚಿಟ್ಟಿದ್ದಾರೆ, ಬಾಗಿಲ ಹತ್ತಿರ ಸುಮ್ನೆ ನಿಂತಿದ್ದಾರೆ. ಬಾಯಿಬಿಟ್ಟು ಕೇಳುವುದಿಲ್ಲ. ‘ಇವತ್ತು ಕೈಯಲ್ಲಿ ಇಲ್ಲ, ನಾಡಿದ್ದು ಬನ್ನಿ’ ಅಂತ ನಾವು ಹೇಳುತ್ತೇವೆ. ‘ಆಯ್ತು’ ಅಂತ ಅವರು ಹೊರಡುತ್ತಾರೆ. ನಾವು ಏನನ್ನೂ ಕದ್ದಿಲ್ಲ, ಕೊಡುವುದಿಲ್ಲ ಅಂತಲೂ ಹೇಳಿಲ್ಲ. ನಮಗೆ ಅದೊಂದು ವಿಷಯವೇ ಅಲ್ಲ. ಆದರೆ ಅವರ ಮನೆಯ ಎರಡು ದಿನದ ಖರ್ಚು ನಮ್ಮ ಕೈಯಲ್ಲಿ ಉಳಿಯಿತು. ಯಾಜಕಕಾಂಡ ತಪ್ಪು ಅನ್ನುವುದು ಇದನ್ನೇ. ಮೋಸದ ಬಗ್ಗೆ ಹೇಳಿ ನಿಲ್ಲಿಸದೆ, ತಡ ಮಾಡುವುದರ ಬಗ್ಗೆಯೂ ಅದು ಹೇಳುತ್ತದೆ.

‘ಯಾಕೋಬ ಬೈದಿರುವುದು ದೊಡ್ಡ ಜಮೀನುದಾರರಿಗೆ, ನಮಗಲ್ಲ’ ಅಂತ ಕೆಲವರು ಹೇಳಬಹುದು. 5:1 ಐಶ್ವರ್ಯವಂತರನ್ನು ಕರೆದೇ ಶುರುವಾಗುತ್ತದೆ, ನಿಜ. ಆದರೆ ಯಾಜಕಕಾಂಡ 19:2 ನೋಡಿ. ಆ ಅಧ್ಯಾಯವನ್ನು ಹೇಳಿರುವುದು ಇಸ್ರಾಯೇಲ್ಯರ ಇಡೀ ಸಮೂಹಕ್ಕೆ. ಆದ್ದರಿಂದ ಪಾಲಿಸುವ ಬಗೆಯೂ ಎಲ್ಲರಿಗೂ ಆಗುವಂಥದ್ದೇ: ಕೆಲಸ ಶುರುವಾಗುವ ಮೊದಲೇ ಕೂಲಿ ಎಷ್ಟು ಅಂತ ಸ್ಪಷ್ಟವಾಗಿ ಮಾತಾಡುವುದು, ದುಡ್ಡು ತೆಗೆದಿಟ್ಟುಕೊಂಡೇ ಕೆಲಸಕ್ಕೆ ಕರೆಯುವುದು, ಕೇಳುವ ಮುಂಚೆಯೇ ಕೊಡುವುದು. ಕಚೇರಿಯಲ್ಲಿ ಬಿಲ್ಲಿಗೆ ಸಹಿ ಹಾಕುವ ಅಧಿಕಾರ ಇದ್ದರೆ, ಮೇಜಿನ ಮೇಲೆ ಕೂತಿರುವ ಸಣ್ಣ ಗುತ್ತಿಗೆದಾರರ ಬಿಲ್ಲುಗಳಿಗೂ ಇದೇ ವಚನ ಅನ್ವಯಿಸುತ್ತದೆ.

ಯಾರಿಗೆ ಯಾವ ಆಸನ

2:2-3ರಲ್ಲಿ ಯಾಕೋಬ ಒಂದು ದೃಶ್ಯ ಬರೆಯುತ್ತಾನೆ. ಚಿನ್ನದ ಉಂಗುರ, ಒಳ್ಳೇ ಬಟ್ಟೆ ಹಾಕಿಕೊಂಡವನೊಬ್ಬ ಸಭೆಗೆ ಬರುತ್ತಾನೆ. ಕೊಳಕು ಬಟ್ಟೆಯ ಬಡವನೂ ಬರುತ್ತಾನೆ. ಮೊದಲನೆಯವನಿಗೆ ‘ಇಲ್ಲಿ ಕೂತುಕೊಳ್ಳಿ’, ಎರಡನೆಯವನಿಗೆ ‘ಅಲ್ಲಿ ನಿಂತುಕೋ, ಇಲ್ಲಾಂದರೆ ನನ್ನ ಕಾಲ ಹತ್ತಿರ ಕೂತುಕೋ’. ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ, ಅಲ್ವಾ? ಆರಾಧನೆ ಮುಗಿದ ಮೇಲೆ ನಾವು ಯಾರ ಹತ್ತಿರ ಹೋಗಿ ಕೈ ಕುಲುಕುತ್ತೇವೆ, ಯಾರು ಒಬ್ಬರೇ ಬಂದು ಒಬ್ಬರೇ ಹೋಗುತ್ತಾರೆ ಅಂತ ನೋಡಿಕೊಂಡರೆ ಸಾಕು.

ಒಂದು ವಿಷಯ ಮಾತ್ರ ಗುರುತು ಹಾಕಿಕೊಳ್ಳಿ. ಯಾಜಕಕಾಂಡ 19:15 ಎರಡೂ ಕಡೆ ಹಿಡಿದು ಮಾತಾಡುತ್ತದೆ. ನ್ಯಾಯತೀರ್ಪಿನಲ್ಲಿ ದೊಡ್ಡವನ ಮುಖ ನೋಡಬೇಡ, ಬಡವನು ಎಂಬ ಕಾರಣಕ್ಕೆ ಪಕ್ಷಪಾತವನ್ನೂ ಮಾಡಬೇಡ. ಜಗಳ ಬಿಡಿಸಲು ಕೂತಾಗ ಇದು ಬೇಕಾಗುತ್ತದೆ.

‘ಅವರಿಗಾಗಿ ಪ್ರಾರ್ಥಿಸಿ’

ನಾಲಿಗೆಯ ಬಗ್ಗೆ ಮೂರನೇ ಅಧ್ಯಾಯ ಎಲ್ಲರಿಗೂ ಗೊತ್ತು. ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡನ್ನು ಸುಡುವ ಕಿಡಿ. ಅಧ್ಯಾಯ ಶುರುವಾಗುವುದು ಬೋಧಕರಿಂದ ಅನ್ನುವುದು ಮಾತ್ರ ನಮಗೆ ಮರೆತುಹೋಗುತ್ತದೆ. ಬೋಧಕರಾಗಲು ಬಹಳ ಜನ ಮುಂದೆ ಬರಬೇಡಿರಿ, ನಮಗೆ ಹೆಚ್ಚಿನ ತೀರ್ಪು ಆಗುವುದು ಅನ್ನುತ್ತಾನೆ (3:1). ‘ನಮಗೆ’ ಅಂದಾಗ ತನ್ನನ್ನೂ ಸೇರಿಸಿಕೊಂಡಿದ್ದಾನೆ. ಬೈಬಲ್ ಅಧ್ಯಯನ ನಡೆಸುವವರು, ಭಾನುವಾರದ ಶಾಲೆಯಲ್ಲಿ ಕಲಿಸುವವರು ಈ ವಚನವನ್ನು ದಾಟಿಕೊಂಡು ಹೋಗಬಾರದು.

ಕಠಿಣ ಮಾತು 4:11ರಲ್ಲಿದೆ. ಸಹೋದರನನ್ನು ನಿಂದಿಸುವವನು ಧರ್ಮಶಾಸ್ತ್ರವನ್ನೇ ನಿಂದಿಸುತ್ತಾನೆ. ಯಾಕೆ? ಯಾಜಕಕಾಂಡ 19:16 ಪಕ್ಕದಲ್ಲಿದ್ದರೆ ಉತ್ತರ ಸುಲಭ. ಚಾಡಿ ಬೇಡ ಅಂತ ಶಾಸ್ತ್ರ ಬಾಯಿಬಿಟ್ಟು ಹೇಳಿದೆ. ಆದರೂ ಹೇಳುವವನು ಆ ಅಪ್ಪಣೆ ತನಗೆ ಬೇಕಿಲ್ಲ ಅಂದ ಹಾಗಾಯಿತು.

ನಮ್ಮ ನಡುವೆ ಚಾಡಿ ತನ್ನ ಹೆಸರಿನಲ್ಲಿ ಬರುವುದು ಕಡಿಮೆ. ಪ್ರಾರ್ಥನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬರುತ್ತದೆ: ‘ಆ ಸಹೋದರಿಯ ಮನೆಯಲ್ಲಿ ತುಂಬಾ ಸಮಸ್ಯೆ, ಗಂಡ ಬೇರೆ ಇದ್ದಾರಂತೆ, ದಯವಿಟ್ಟು ಪ್ರಾರ್ಥಿಸಿ.’ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಸ್ವಲ್ಪ ಹೊತ್ತಿಗೆ ಒಬ್ಬರು ಪ್ರತ್ಯೇಕವಾಗಿ ಕೇಳುತ್ತಾರೆ, ‘ಏನಾಯ್ತಂತೆ?’ ಸಂಜೆಯೊಳಗೆ ಆ ಸಹೋದರಿಗೆ ಗೊತ್ತಿಲ್ಲದೆ ಅವರ ಮನೆಯ ವಿಷಯ ಎಲ್ಲರಿಗೂ ಗೊತ್ತು. ಕಳಿಸಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ‘ಇದನ್ನು ಹೇಳಲೇ?’ ಅಂತ ಅವರನ್ನು ಯಾರೂ ಕೇಳಲಿಲ್ಲ.

ಯಾಕೋಬ 5:16ರಲ್ಲಿ ಒಬ್ಬರಿಗೊಬ್ಬರು ತಪ್ಪುಗಳನ್ನು ಅರಿಕೆ ಮಾಡಿಕೊಂಡು ಪ್ರಾರ್ಥಿಸಿರಿ ಅನ್ನುತ್ತಾನೆ. ಅರಿಕೆ ಮಾಡಬೇಕಾದ್ದು ನಮ್ಮ ತಪ್ಪನ್ನು. ಕಾಯಿಲೆಯವನ ವಿಷಯದಲ್ಲೂ (5:14) ಸಭೆಯ ಹಿರಿಯರನ್ನು ಕರೆಸುವವನು ಕಾಯಿಲೆ ಬಿದ್ದವನೇ. ಹಾಗಾಗಿ ಅಭ್ಯಾಸಕ್ಕೆ ಒಂದು ನಿಯಮ ಇಟ್ಟುಕೊಳ್ಳಬಹುದು. ಬೇರೆಯವರಿಗಾಗಿ ಪ್ರಾರ್ಥನೆ ಕೇಳುವ ಮುಂಚೆ ಅವರ ಒಪ್ಪಿಗೆ ಕೇಳುವುದು. ಒಪ್ಪಿಗೆ ಇಲ್ಲದಿದ್ದರೆ ನಾವೊಬ್ಬರೇ ಪ್ರಾರ್ಥಿಸುವುದು. ದೇವರಿಗೆ ವಿವರ ಗೊತ್ತಾಗಲು ಗುಂಪು ಬೇಕಿಲ್ಲ.

ಹಾಗಾದರೆ ಪೌಲ ಹೇಳಿದ್ದು?

ಅಧ್ಯಯನಕ್ಕೆ ಕೂತಾಗ ಈ ಪ್ರಶ್ನೆ ಬಂದೇ ಬರುತ್ತದೆ. ನಂಬಿಕೆಯಿಂದಲೇ ನೀತಿವಂತರಾಗುತ್ತೇವೆ ಅಂತ ಪೌಲ (ರೋಮಾ 3:28), ನಂಬಿಕೆಯಿಂದ ಮಾತ್ರವೇ ಅಲ್ಲ, ಕ್ರಿಯೆಗಳಿಂದಲೂ ಅಂತ ಯಾಕೋಬ (2:24). ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಗೆ ಬರೆದ ಮುನ್ನುಡಿಯಲ್ಲಿ ಇದನ್ನು ಹುಲ್ಲಿನ (ಅಂದರೆ ಸತ್ವವಿಲ್ಲದ) ಪತ್ರಿಕೆ ಅಂದದ್ದೂ ಇದೇ ಕಾರಣಕ್ಕೆ. ಆದರೂ ತನ್ನ ಬೈಬಲ್‌ನಿಂದ ಅದನ್ನು ತೆಗೆದುಹಾಕಲಿಲ್ಲ.

ಇಬ್ಬರೂ ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮನನ್ನೇ ಕರೆತರುತ್ತಾರೆ, ಇಬ್ಬರೂ ಆದಿಕಾಂಡ 15:6ನ್ನೇ ಎತ್ತಿ ಹೇಳುತ್ತಾರೆ. ಆದರೆ ಪೌಲ ನಿಲ್ಲುವುದು 15ನೇ ಅಧ್ಯಾಯದಲ್ಲಿ. ಅಬ್ರಹಾಮ ದೇವರ ವಾಗ್ದಾನ ನಂಬಿದ ಗಳಿಗೆ ಅದು. ಯಾಕೋಬ ಅಲ್ಲಿಂದ 22ನೇ ಅಧ್ಯಾಯಕ್ಕೆ ನಡೆದು ಹೋಗುತ್ತಾನೆ. ಅಲ್ಲಿ ಅಬ್ರಹಾಮನ ಮಗ ಇಸಾಕ ಯಜ್ಞವೇದಿಯ ಮೇಲಿದ್ದಾನೆ. ಮೊದಲ ನಂಬಿಕೆ ನಿಜವಾಗಿತ್ತು ಅನ್ನುವುದು ಅಲ್ಲಿ ಕಾಣಿಸಿತು. ದೇವರು ಒಬ್ಬನೇ ಅಂತ ದೆವ್ವಗಳೂ ನಂಬಿ ನಡುಗುತ್ತವೆ ಅನ್ನುವ 2:19 ಓದಿದರೆ ಯಾಕೋಬ ಯಾವ ಬಗೆಯ ನಂಬಿಕೆಯನ್ನು ಅಲ್ಲಗಳೆಯುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಬಟ್ಟೆ ಊಟ ಇಲ್ಲದವನಿಗೆ ‘ಸಮಾಧಾನದಿಂದ ಹೋಗು, ಬೆಚ್ಚಗಿರು’ ಅಂತ ಆಶೀರ್ವಾದ ಮಾತ್ರ ಕೊಟ್ಟು ಕಳಿಸುವ ನಂಬಿಕೆ ಅದು (2:15-16). ಪೌಲನೂ ಗಲಾತ್ಯ 5:6ರಲ್ಲಿ ಪ್ರೀತಿಯಿಂದ ಕೆಲಸ ನಡೆಸುವ ನಂಬಿಕೆಯನ್ನೇ ಹೊಗಳುತ್ತಾನೆ. ನನ್ನ ಮಟ್ಟಿಗೆ ಇಬ್ಬರ ನಡುವೆ ಜಗಳವಿಲ್ಲ.

ನಾಳೆಯ ಯೋಜನೆಗಳ ಬಗ್ಗೆ ಬರುವ 4:13-16ಕ್ಕೆ ಒಂದು ಮಾತು ಸಾಕು. ಯೋಜನೆ ಹಾಕುವುದು ತಪ್ಪು ಅಂತ ಯಾಕೋಬ ಹೇಳುವುದಿಲ್ಲ, ಅದರ ಮೇಲೆ ಜಂಬ ಪಡುವುದು ತಪ್ಪು ಅನ್ನುತ್ತಾನೆ. ‘ಕರ್ತನ ಚಿತ್ತವಿದ್ದರೆ’ ಅನ್ನುವ ಮಾತು ಬಾಯಲ್ಲಿದ್ದು, ಯೋಜನೆ ಬದಲಾದ ಕೂಡಲೇ ಮನೆಯವರ ಮೇಲೆ ರೇಗಿದರೆ ಆ ಮಾತು ಬರೀ ರೂಢಿ ಅಷ್ಟೇ.

ಕೊನೆಯ ಎರಡು ವಚನ, ಮತ್ತು ಬಿಟ್ಟುಹೋದ ಒಂದು

ಪತ್ರಿಕೆಗೆ ಕೊನೆಯ ವಂದನೆ ಇಲ್ಲ. ಸತ್ಯಮಾರ್ಗ ತಪ್ಪಿದವನನ್ನು ಹಿಂದಕ್ಕೆ ಕರೆತರುವವನ ಬಗ್ಗೆ ಹೇಳಿ ಅಲ್ಲಿಗೇ ನಿಲ್ಲಿಸುತ್ತಾನೆ (5:19-20). ಕರೆತರುವುದು ಹೇಗೆ ಅಂತ ಯಾಜಕಕಾಂಡ 19:17 ಹೇಳುತ್ತದೆ: ಹೃದಯದಲ್ಲಿ ಹಗೆ ಇಟ್ಟುಕೊಳ್ಳದೆ, ಅವನಿಗೇ ಹೇಳು. ಮತ್ತಾಯ 18:15ರಲ್ಲಿ ಯೇಸು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತಾನೆ, ನೀನೂ ಅವನೂ ಇಬ್ಬರೇ ಇರುವಾಗ. ನಾವು ಜಾಸ್ತಿ ತಪ್ಪುವುದು ಇಲ್ಲೇ. ಮೊದಲು ಇನ್ನಿಬ್ಬರ ಹತ್ತಿರ ಹೇಳಿಕೊಂಡು, ಕೊನೆಗೆ ಅವರ ಹತ್ತಿರ ಹೋಗುತ್ತೇವೆ. ಅಷ್ಟರಲ್ಲಿ ಅವರ ಕಿವಿಗೆ ವಿಷಯ ಬಿದ್ದಿರುತ್ತದೆ, ಬಾಗಿಲು ಮುಚ್ಚಿರುತ್ತದೆ.

ಗುಂಪಿನಲ್ಲಿ ಓದುವವರಿಗೆ ಒಂದು ಅಭ್ಯಾಸ. ಯಾಕೋಬ ಮುಟ್ಟದೆ ಬಿಟ್ಟ 14ನೇ ವಚನವನ್ನು ನೀವೇ ತೆಗೆದುಕೊಳ್ಳಿ. ಕಿವುಡನನ್ನು ಬೈಯಬೇಡ, ಕುರುಡನ ದಾರಿಯಲ್ಲಿ ಎಡವುವಂಥದ್ದನ್ನು ಇಡಬೇಡ. ಮೊದಲು ಇದ್ದದ್ದನ್ನು ಇದ್ದ ಹಾಗೇ ನೋಡಿ. ಕಿವಿ ಕೇಳದವರು, ಕಣ್ಣು ಕಾಣದವರು ನಿಮ್ಮ ಸಭೆಗೆ ಬಂದರೆ ಹಾಡು, ಪ್ರಸಂಗ, ಮೆಟ್ಟಿಲು, ಪುಸ್ತಕ ಅವರಿಗೆ ಹೇಗಿವೆ? ಆಮೇಲೆ ಸ್ವಲ್ಪ ಆಚೆ ಹೋಗಿ. ಎದುರಿಗೆ ಇಲ್ಲದೆ, ಉತ್ತರ ಕೊಡಲಾಗದವರ ಬಗ್ಗೆ ನಾವು ಏನು ಮಾತಾಡುತ್ತೇವೆ? ಓದಲು ಬಾರದವರಿಂದ ಏನೇನಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ? ಒಬ್ಬೊಬ್ಬರೂ ತಮ್ಮ ಕೆಲಸದ ಜಾಗದಿಂದ ಒಂದೊಂದು ಉದಾಹರಣೆ ಬರೆದುಕೊಂಡು ಬನ್ನಿ. ಹೆಸರು ಬರೆಯುವುದು ಬೇಡ, 4:11 ಅಲ್ಲಿಗೂ ಅನ್ವಯಿಸುತ್ತದೆ.