ಮಳೆಯೂ ‘ಹೋಗುವ’ ಭಾಷೆ

ಮ್ಯಾಡ್ರಿಡಿನಲ್ಲಿ ಮೋಡ ಕವಿದರೆ ಜನ ‘ಬಾ ಆ ಯೊಬೇರ್’ ಎನ್ನುತ್ತಾರೆ. ಪದ ಪದ ಬಿಡಿಸಿದರೆ ಇದು ‘ಮಳೆ ಸುರಿಯಲು ಹೋಗುತ್ತದೆ’ ಎಂದಾಗುತ್ತದೆ. ಹೇಳಬೇಕಾದದ್ದು ಮಾತ್ರ ‘ಇನ್ನೇನು ಮಳೆ ಬರುತ್ತದೆ’ ಎಂಬುದಷ್ಟೆ. ಕುರ್ಚಿಯಿಂದ ಏಳದೆಯೇ ‘ಬೊಯ್ ಆ ಕೊಮೇರ್’, ಅಂದರೆ ‘ಊಟ ಮಾಡಲಿದ್ದೇನೆ’ ಎನ್ನುವವನೂ ಎಲ್ಲಿಗೂ ಹೊರಟಿರುವುದಿಲ್ಲ.

ಸ್ಪ್ಯಾನಿಷ್ ವ್ಯಾಕರಣಗಳಲ್ಲಿ ಭವಿಷ್ಯತ್ಕಾಲವೆಂದು ಕಾಣಿಸುವುದು ‘ಕೊಮೆರೇ’ (ಊಟ ಮಾಡುವೆನು) ಎಂಬ ಒಂದೇ ಪದದ ರೂಪ. ಅದನ್ನೇ ನೆಚ್ಚಿಕೊಂಡವರು ಆಡುಮಾತಿನ ‘ಹೋಗು’ ಪ್ರಯೋಗವನ್ನು ಸೋಮಾರಿಗಳ ಅಡ್ಡದಾರಿಯೆಂದು ಹಳಿಯುವುದುಂಟು. ಭಾಷೆ ಕೆಡುತ್ತಿದೆ ಎಂಬ ಈ ಗೊಣಗಾಟ ನನಗೆ ಸಹನೆಯಾಗುವುದಿಲ್ಲ, ಏಕೆಂದರೆ ‘ಕೊಮೆರೇ’ ಕೂಡ ಒಂದು ಕಾಲದ ಅಡ್ಡದಾರಿಯೇ.

ಸ್ಪ್ಯಾನಿಷ್ ಹುಟ್ಟಿದ ಲ್ಯಾಟಿನ್ನಿನಲ್ಲಿ ‘ಅಮಾಬಿತ್’ ಎಂದರೆ ‘ಪ್ರೀತಿಸುವನು’, ‘ಅಮಾವಿತ್’ ಎಂದರೆ ‘ಪ್ರೀತಿಸಿದನು’. ಕಾಲಕ್ರಮದಲ್ಲಿ ‘ಬ’, ‘ವ’ಗಳ ಉಚ್ಚಾರ ಬೆರೆತುಹೋಗಿ, ಪ್ರೀತಿ ಮುಗಿದಿದೆಯೋ ಇನ್ನೂ ಶುರುವಾಗಬೇಕೋ ಎಂಬುದೇ ಕಿವಿಗೆ ತಿಳಿಯದಾಯಿತು. ಹಳೆಯ ರೂಪ ಬಿದ್ದುಹೋಗಲು ಇದೂ ಒಂದು ಕಾರಣ. ಅದರ ಜಾಗಕ್ಕೆ ‘ಕಾಂತಾರೆ ಹಾಬೆಯೊ’ ಬಂದಿತು. ‘ನನಗೆ ಹಾಡುವುದಿದೆ’ ಎಂಬ ಕನ್ನಡದ ಮಾತಿಗೆ ಇದು ತೀರ ಹತ್ತಿರ. ಹಾಡಬೇಕಾದ ಹೊಣೆ ನಿಧಾನವಾಗಿ ಹಾಡಲಿರುವ ನಾಳೆಯಾಯಿತು, ‘ಬರುತ್ತಾ ಇದ್ದೇನೆ’ ಎಂಬುದು ನಮ್ಮ ಬಾಯಲ್ಲಿ ‘ಬರ್ತಿದ್ದೀನಿ’ ಆದಂತೆ ಎರಡು ಪದ ಒಂದಾಯಿತು, ಹಿಟ್ಟಿನಲ್ಲಿ ಕರಗಿದ ಉಪ್ಪಿನಂತೆ ಎರಡನೆಯ ಪದ ಕಣ್ಣಿಗೆ ಕಾಣದಾಯಿತು. ‘ಕೊಮೆರೇ’ ಪದದ ಕೊನೆಯ ‘ಏ’ಕಾರ ಆ ‘ಹಾಬೆಯೊ’ದ ಉಳಿಕೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಬೆಸುಗೆ ಇನ್ನೂ ಹಸಿಯಾಗಿದ್ದುದರಿಂದ ‘ದಾರ್ ತೇ ಎ’ (ಕೊಡುವುದು–ನಿನಗೆ–ಇದೆ) ಎಂದು ನಡುವೆ ಸರ್ವನಾಮವನ್ನು ತೂರಿಸಬಹುದಿತ್ತು. 1492ರಲ್ಲಿ ಮೊದಲ ಸ್ಪ್ಯಾನಿಷ್ ವ್ಯಾಕರಣವನ್ನು ಅಚ್ಚು ಹಾಕಿಸಿದ ನೆಬ್ರಿಹಾ ಈ ಜೋಡಣೆಯನ್ನು ಗುರುತಿಸಿದ್ದ.

ಈ ಹೊಸ ರೂಪದ ಪ್ರಸಿದ್ಧವಾದ ಹಳೆಯ ದಾಖಲೆ, ಫ್ರೆಡೆಗಾರನ ಹೆಸರಿನಲ್ಲಿ ಉಳಿದಿರುವ 7ನೆಯ ಶತಮಾನದ ವೃತ್ತಾಂತದಲ್ಲಿದೆ. ಸೋತ ಪರ್ಷಿಯಾದ ದೊರೆ ‘ನೋನ್ ದಾಬೊ’ (ಕೊಡೆನು) ಎಂದನಂತೆ. ರೋಮನ್ ಚಕ್ರವರ್ತಿ ಜಸ್ಟಿನಿಯನ್ ‘ದಾರಾಸ್’ (ಕೊಡುವೆ) ಎಂದನಂತೆ. ಅದರಿಂದಲೇ ಒಂದು ಊರಿಗೆ ಆ ಹೆಸರು ಬಂದಿತಂತೆ. ಊರಿನ ಕಥೆ ಕಟ್ಟುಕಥೆ. ಆದರೆ ಹಳೆಯ ಭವಿಷ್ಯ ಮತ್ತು ಹೊಸ ಭವಿಷ್ಯ ಒಂದೇ ಜಗಳದಲ್ಲಿ ಎದುರುಬದುರಾಗುವ ಇಂಥ ಜಾಗ ಸುಲಭಕ್ಕೆ ಸಿಗುವುದಿಲ್ಲ.

ಇಂದಿನ ಆಡುಮಾತಿನಲ್ಲಿ ‘ಕೊಮೆರೇ’ ಬಗೆಯ ರೂಪಕ್ಕೆ ಊಹೆಯ ಕೆಲಸವೂ ಬಿದ್ದಿದೆ. ‘ಸೆರಾನ್ ಲಾಸ್ ತ್ರೆಸ್’ ಎನ್ನುವವನು ಗಡಿಯಾರ ನೋಡದೆ ‘ಈಗ ಮೂರು ಗಂಟೆಯಾಗಿದ್ದೀತು’ ಎಂದು ಅಂದಾಜಿಸುತ್ತಿದ್ದಾನೆ. ನಿಶ್ಚಯಿಸಿಕೊಂಡ ಕೆಲಸವನ್ನು ‘ಹೋಗು’ ಹೊತ್ತಿದೆ, ಅದೂ ಸವೆಯತೊಡಗಿದೆ: ‘ಬಾ ಆ ಅಬ್ಲಾರ್’ (ಮಾತನಾಡಲಿದ್ದಾನೆ) ಎಂಬುದು ಅವಸರದ ಬಾಯಲ್ಲಿ ‘ಬಾಬ್ಲಾರ್’. ದಿನ ಗೊತ್ತಾಗಿದ್ದರೆ ಇದಾವುದೂ ಬೇಕಿಲ್ಲ. ‘ಮಾನ್ಯಾನಾ ಯೇಗೊ’ ಎಂದರೆ, ನಮ್ಮ ‘ನಾಳೆ ಬರುತ್ತೇನೆ’ಯ ಹಾಗೆಯೇ, ವರ್ತಮಾನದಲ್ಲೇ ಮುಗಿಯಿತು. ಊಟಕ್ಕೆ ಕೂಗಿದಾಗ ಅವರು ‘ಯಾ ಬೊಯ್’, ಅಂದರೆ ‘ಈಗಲೇ ಹೋಗುತ್ತೇನೆ’ ಎನ್ನುತ್ತಾರೆ. ನಾವು ಕೂತಲ್ಲಿಂದ ಏಳದೆ ‘ಬಂದೆ’ ಎಂದು ಭೂತಕಾಲದಲ್ಲಿ ಉತ್ತರಿಸುತ್ತೇವೆ.