ಡಕ್ಟ್ ಬಂದು ಬೀಮಿಗೆ ತಾಗುವ ಮುನ್ನ

ದೊಡ್ಡ ಕನ್ಸಲ್ಟೆನ್ಸಿ ಸಂಸ್ಥೆಗಳ ಪರಿಚಯ ಪುಸ್ತಿಕೆ ತೆರೆದರೆ ಕೆಲಸಗಳ ಪಟ್ಟಿಯೇ ಒಂದು ಪುಟ ತುಂಬುತ್ತದೆ: ವಾಸ್ತುವಿನ್ಯಾಸ, ಸ್ಟ್ರಕ್ಚರ್, ಅಡಿಪಾಯ, ಹವಾನಿಯಂತ್ರಣ, ವಿದ್ಯುತ್, ಒಳಚರಂಡಿ, ಅಗ್ನಿ ಸುರಕ್ಷತೆ, ಸಂಚಾರ. ಸ್ಟ್ರಕ್ಚರಲ್ ಎಂಜಿನಿಯರ್ ಆದ ನನಗೆ ಪಟ್ಟಿಗಿಂತ ಮುಖ್ಯವಾದದ್ದು ಬೇರೆ. ಮೊದಲ ಗೆರೆ ಎಳೆಯುವಾಗ ಇವರಲ್ಲಿ ಎಷ್ಟು ಮಂದಿ ಜೊತೆಯಲ್ಲಿ ಕೂತಿದ್ದರು?

ಒಂದು ಆಫೀಸ್ ಕಟ್ಟಡದ ಫಾಲ್ಸ್ ಸೀಲಿಂಗ್ ಬಿಚ್ಚಿ ನೋಡಿ. 600 ಮಿ.ಮೀ. ಆಳದ ಬೀಮ್, ಅದರಡಿ ಎಸಿ ಗಾಳಿ ಸಾಗಿಸುವ 350 ಮಿ.ಮೀ. ಡಕ್ಟ್, ಬೆಂಕಿ ಬಿದ್ದರೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಪೈಪು, ಕೇಬಲ್ ಟ್ರೇ. ಒಂದರ ಕೆಳಗೊಂದು ಜೋಡಿಸುತ್ತ ಹೋದರೆ ಅಂತಸ್ತಿನ ಎತ್ತರ ಏರುತ್ತದೆ. ಅಂತಸ್ತಿಗೆ 300 ಮಿ.ಮೀ. ಹೆಚ್ಚಾದರೂ 20 ಅಂತಸ್ತಿಗೆ 6 ಮೀಟರ್; ಅಷ್ಟು ಗೋಡೆ, ಗಾಜು, ಪೈಪಿಗೆ ಮಾಲೀಕರು ದುಡ್ಡು ಸುರಿಯಬೇಕು.

ಪೈಪನ್ನು ಬೀಮಿನೊಳಗಿಂದಲೇ ದಾಟಿಸಬಹುದು, ಜಾಗ ಸರಿಯಿದ್ದರೆ. ಕಾಲಂ ಹತ್ತಿರ ಶಿಯರ್, ಅಂದರೆ ಬೀಮನ್ನು ಕತ್ತರಿಸುವಂಥ ಬಲ, ಜಾಸ್ತಿ; ಅದನ್ನು ತಡೆಯಲು ಉದ್ದ ಕಂಬಿಗಳ ಸುತ್ತ ಕಟ್ಟುವ ರಿಂಗುಗಳು ಒತ್ತೊತ್ತಾಗಿರುತ್ತವೆ. ಅಲ್ಲಿ ತೂತು ಬೇಡ. ಭಾರ ಉದ್ದಕ್ಕೂ ಸಮವಾಗಿ ಬೀಳುವ ಬೀಮಿನಲ್ಲಿ ನಡುಭಾಗದ ಕಡೆಗೆ, ಆಳದ ಮಧ್ಯದಲ್ಲಿ ಚಿಕ್ಕ ದುಂಡು ಸ್ಲೀವ್ (ಪೈಪು ದಾಟಲು ಬಿಡುವ ಕೊಳವೆ) ಇಟ್ಟು ಸುತ್ತ ಹೆಚ್ಚುವರಿ ಕಂಬಿ ಕಟ್ಟಿದರೆ ತಡೆದುಕೊಳ್ಳುತ್ತದೆ. ಆದರೆ ಅದು ಕಾಂಕ್ರೀಟ್ ಹಾಕುವ ಮೊದಲೇ ಡ್ರಾಯಿಂಗಿನಲ್ಲಿರಬೇಕು. ಆಮೇಲೆ ಗಟ್ಟಿಯಾದ ಕಾಂಕ್ರೀಟಿಗೆ ತೂತು ಕೊರೆಯುವ ಕೋರ್ ಕಟಿಂಗ್ ಮಷಿನ್ ಹಿಡಿದು ನಿಂತವನ ಕಣ್ಣಿಗೆ ಒಳಗಿನ ಕಂಬಿ ಕಾಣಿಸದು. ಸೈಟಿನಲ್ಲಿ ನನ್ನನ್ನು ಹೆಚ್ಚು ಹೆದರಿಸುವ ಸದ್ದು ಆ ಮಷಿನ್ನಿನದು.

ಜೊತೆಗೆ ಕೂತರೆ ಏನಾಗುತ್ತದೆ ಎಂಬುದಕ್ಕೆ 1936ರಲ್ಲಿ ಶಿಕಾಗೊದಲ್ಲಿ ಆರಂಭವಾದ ಸ್ಕಿಡ್ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆಯನ್ನು ನೋಡಬೇಕು. ಆರ್ಕಿಟೆಕ್ಟ್ ಬ್ರೂಸ್ ಗ್ರಹಾಂ, ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್ ಫಜ್ಲುರ್ ಖಾನ್ ಇಬ್ಬರೂ ಅಲ್ಲಿದ್ದರು. ಅವರ 100 ಅಂತಸ್ತಿನ ಜಾನ್ ಹ್ಯಾನ್‌ಕಾಕ್ ಸೆಂಟರ್‌ನಲ್ಲಿ ಗಾಳಿಯನ್ನು ತಡೆಯುವ ಎಕ್ಸ್ ಆಕಾರದ ಬ್ರೇಸಿಂಗನ್ನು, ಅಂದರೆ ಓರೆ ಕಂಬಗಳನ್ನು, ಮುಚ್ಚಿಡಲಿಲ್ಲ. ಕಟ್ಟಡದ ಚೆಲುವೇ ಅದು. ಯಾರದು ವಿನ್ಯಾಸ, ಯಾರದು ಲೆಕ್ಕ ಎಂದು ಬೇರ್ಪಡಿಸಲು ನನ್ನಿಂದಾಗದು.

2010ರಲ್ಲಿ ಉದ್ಘಾಟನೆಯಾದ 828 ಮೀಟರ್ ಎತ್ತರದ ದುಬೈನ ಬುರ್ಜ್ ಖಲೀಫಾ ಕೂಡ ಇದೇ ಸಂಸ್ಥೆಯ ವಿನ್ಯಾಸ. ಗೋಪುರ ಮೇಲಿನವರೆಗೂ ಒಂದೇ ಆಕಾರದಲ್ಲಿದ್ದರೆ ಗಾಳಿಯ ಸುಳಿಗಳು ಎರಡೂ ಬದಿಯಿಂದ ಲಯಬದ್ಧವಾಗಿ ಕಳಚಿಕೊಳ್ಳುತ್ತ ಕಟ್ಟಡವನ್ನು ತೂಗಾಡಿಸುತ್ತವೆ. ಅದಕ್ಕೇ ಮೇಲೇರಿದಂತೆ ಅಗಲ, ಆಕಾರ ಬದಲಾಗುತ್ತವೆ; ಸುಳಿಗಳಿಗೆ ಒಂದು ಲಯ ಸಿಗುವುದಿಲ್ಲ. ಮಾದರಿಗೆ ಗಾಳಿ ಬೀಸಿ ನೋಡುವ ವಿಂಡ್ ಟನಲ್ ಪರೀಕ್ಷೆಗಳ ಫಲಿತಾಂಶ ನೋಡಿ ರೂಪವನ್ನೇ ತಿದ್ದಿದರು. ರೂಪ ಅಂತಿಮವಾದ ಮೇಲೆ ಎಂಜಿನಿಯರನ್ನು ಕರೆಯುವ ಕಡೆ ಇಂಥ ತಿದ್ದುಪಡಿ ಅಸಾಧ್ಯ. ಉಳಿಯುವುದು ಕಾಂಕ್ರೀಟನ್ನೂ ಕಂಬಿಯನ್ನೂ ಹೆಚ್ಚಿಸುವ ದಾರಿ ಮಾತ್ರ.

ಕನ್ಸಲ್ಟೆಂಟರನ್ನು ನೇಮಿಸುವವರು ಕರಾರಿಗೆ ಸಹಿ ಹಾಕುವ ಮುನ್ನ ಎರಡು ಮಾತು ಕೇಳಿ. ಎಲ್ಲ ವಿಭಾಗಗಳ ಡ್ರಾಯಿಂಗನ್ನು ಒಂದರ ಮೇಲೊಂದಿಟ್ಟು ಪರಿಶೀಲಿಸುವ ಹೊಣೆ ಯಾರದು, ಅವರ ಹೆಸರೇನು? ಡ್ರಾಯಿಂಗ್ ಕೊಟ್ಟ ಮೇಲೆ ಸೈಟಿಗೆ ಬರುತ್ತೀರಾ? ಎಷ್ಟೋ ಕರಾರುಗಳು ಡ್ರಾಯಿಂಗ್ ಕೈಸೇರಿದಲ್ಲಿಗೇ ಮುಗಿಯುತ್ತವೆ. ಬೀಮ್-ಕಾಲಂ ಕೂಡುವಲ್ಲಿ ಕಂಬಿ ಇಟ್ಟಣಿಸಿ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಇಳಿಯದೆ ಹೋಗುವುದು ಗೊತ್ತಾಗುವುದು ಮಾತ್ರ ಸೈಟಿನಲ್ಲಿ, ಕಾಂಕ್ರೀಟ್ ಲಾರಿ ಬಂದು ನಿಂತಾಗ.