ಸ್ಕೋವಿಲ್ ಅಂದರೆ ಏನು? ಆ ಲಕ್ಷಗಳು ಯಾವುದರ ಲೆಕ್ಕ?

ವಿಪರೀತ ಖಾರದ ಮೆಣಸಿನ ಬೀಜ ಹುಡುಕಿದವರಿಗೆ ತಳಿಯ ಹೆಸರಿನ ಪಕ್ಕ 10 ಲಕ್ಷ, 16 ಲಕ್ಷ ಅಂತ ಒಂದು ಸಂಖ್ಯೆ ಕಂಡೇ ಕಾಣುತ್ತದೆ. ಅದೇ ಸ್ಕೋವಿಲ್, ಖಾರದ ಅಳತೆ. ಎಸ್‌ಎಚ್‌ಯು (ಸ್ಕೋವಿಲ್ ಹೀಟ್ ಯೂನಿಟ್) ಅಂತಲೂ ಬರೆಯುತ್ತಾರೆ.

ವಿಲ್ಬರ್ ಸ್ಕೋವಿಲ್ ಅಮೆರಿಕದ ಔಷಧ ತಜ್ಞ. 1912ರಲ್ಲಿ ಆತ ಹೂಡಿದ ಉಪಾಯ ಸರಳ: ಒಣಮೆಣಸಿನ ಸಾರವನ್ನು ಸಕ್ಕರೆ ನೀರಿಗೆ ಹಾಕಿ ಐದು ಜನರಿಗೆ ರುಚಿ ನೋಡಲು ಕೊಡುವುದು, ಖಾರ ಗೊತ್ತೇ ಆಗದ ಹಂತ ಬರುವವರೆಗೂ ಅದನ್ನು ತೆಳು ಮಾಡುತ್ತಾ ಹೋಗುವುದು. ಎಷ್ಟು ಪಟ್ಟು ತೆಳು ಮಾಡಬೇಕಾಯಿತೋ ಅಷ್ಟು ಸ್ಕೋವಿಲ್. ಆದರೆ ನಾಲ್ಕು ಸಲ ಖಾರ ತಿಂದ ನಾಲಿಗೆಯನ್ನು ನಂಬೋದು ಹೇಗೆ, ಅಲ್ವಾ? ಈಗ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಮತ್ತು ಅದರ ಬಳಗವನ್ನು ಯಂತ್ರವೇ ಅಳೆಯುತ್ತದೆ. ಶುದ್ಧ ಕ್ಯಾಪ್ಸೈಸಿನ್‌ಗೆ 1.6 ಕೋಟಿ. ದೊಣ್ಣೆ ಮೆಣಸಿನಕಾಯಿಗೆ ಸೊನ್ನೆ. ಹಬನೇರೊಗೆ 1ರಿಂದ 3.5 ಲಕ್ಷ, ಕೆರೊಲಿನಾ ರೀಪರ್‌ಗೆ ಸರಾಸರಿ 16 ಲಕ್ಷ. 2023ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಪೆಪ್ಪರ್ ಎಕ್ಸ್‌ಗೆ ಸುಮಾರು 26.9 ಲಕ್ಷ.

ಜಾಸ್ತಿ ಜನ ಗಮನಿಸದ ವಿಷಯ ಒಂದಿದೆ. ಈ ಲೆಕ್ಕ ಒಣ ತೂಕದ್ದು. ಹಸಿ ಕಾಯಿಯ ತೂಕದಲ್ಲಿ ಬಹುಪಾಲು ನೀರೇ. ಅಂದರೆ 16 ಲಕ್ಷ ಅನ್ನೋದು ನಿಮ್ಮ ಕುಂಡದ ಗಿಡದಲ್ಲಿ ತೂಗುವ ಕೆಂಪು ಕಾಯಿಗಿಂತ ನೀವು ಮಾಡಲಿರುವ ಪುಡಿಗೇ ಸರಿಹೊಂದುವ ಸಂಖ್ಯೆ. ಅಂಥ ಒಂದು ಗ್ರಾಂ ಪುಡಿಯಲ್ಲಿ ಸುಮಾರು 100 ಮಿಲಿಗ್ರಾಂ ಖಾರದ ಅಂಶವೇ ಇರುತ್ತದೆ. ಹಸಿ ಚೂರು ಕಚ್ಚಿ ತಡೆದುಕೊಂಡೆ ಅಂತ ಪುಡಿಯನ್ನು ಚಮಚದಲ್ಲಿ ಅಳೆಯಲು ಹೋಗಬೇಡಿ, ಚಾಕುವಿನ ತುದಿಯಲ್ಲಿ ನಿಲ್ಲುವಷ್ಟು ಸಾಕು.

ಇನ್ನು ಬೀಜ ತೆಗೆದರೆ ಖಾರ ಹೋಗುತ್ತೆ ಅನ್ನೋ ಮಾತು. ಒಂದು ಕಾಯಿ ಉದ್ದಕ್ಕೆ ಸೀಳಿ ನೋಡಿ. ಬೀಜ ಅಂಟಿಕೊಂಡಿರುವ ಬಿಳಿ ತಿರುಳು ಇದೆಯಲ್ಲ, ಖಾರ ಹುಟ್ಟೋದು ಅಲ್ಲಿ. ಬೀಜಕ್ಕೆ ಮೆತ್ತಿರೋದು ಅದರ ಎಣ್ಣೆ ಅಷ್ಟೇ.

ಸಂಖ್ಯೆಯನ್ನು ಪೂರ್ತಿ ನಂಬಲೂಬಾರದು. ಒಂದೇ ಪೊಟ್ಟಣದ ಎರಡು ಬೀಜ ಎರಡು ಥರ ಖಾರ ಕೊಡುತ್ತವೆ. ಬಿಸಿಲು, ನೀರು, ಕಾಯಿ ಎಷ್ಟು ಹಣ್ಣಾಯಿತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈ ತಳಿಗಳು ಮೊಳೆಯೋಕೇ ಎರಡು ಮೂರು ವಾರ ತಗೊಳ್ಳುತ್ತವೆ, ಮಣ್ಣು ಬೆಚ್ಚಗಿಲ್ಲದಿದ್ದರೆ ಇನ್ನೂ ತಡ.

ಪುಡಿ ಮಾಡುವಾಗ ಕಾಯಿ ಬಾಗದೆ ಲಟಕ್ಕನೆ ಮುರಿಯುವಷ್ಟು ಒಣಗಿರಲಿ. ಕೈಗವಸು, ಮಾಸ್ಕ್ ಬೇಕೇ ಬೇಕು. ನಾನು ಮೊದಲ ಸಲ ಮಿಕ್ಸಿ ನಿಂತ ಕೂಡಲೇ ಮುಚ್ಚಳ ತೆಗೆದೆ. ಕಣ್ಣಿಗೇ ಕಾಣದ ದೂಳು, ಆದರೆ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾ ಹೊರಗೆ ಓಡಿದರು. ಈಗ ಹತ್ತು ನಿಮಿಷ ಸುಮ್ನೆ ಬಿಟ್ಟು ಆಮೇಲೆ ತೆಗೆಯುತ್ತೇನೆ. ಕೈಗೆ ಹತ್ತಿದರೆ ಬರೀ ನೀರಿಗೆ ಹೋಗೋದಿಲ್ಲ. ಮೊದಲು ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಿರಿ.